ದೂರದ ಗುರಿ, ಹತ್ತಿರದ ಹೊಣೆ

ಬೇಟೆಗಾರನು ಬಂದೂಕನ್ನು ಆಯುವಾಗ ಎರಡು ಗುಣಗಳನ್ನು ಬಯಸುತ್ತಾನೆ: ಅದು ಹೆಗಲಿಗೆ ಹಗುರಾಗಿರಬೇಕು, ಅದರ ಗುಂಡು ದೂರ ಮುಟ್ಟಬೇಕು. ಬಯಕೆ ಸಹಜವಾದುದೇ ಸರಿ. ಆದರೆ ಭಾರ ಕಡಿಮೆಯಾಗಿ ದೂರ ಹೆಚ್ಚಿದರೆ ಕೊಲ್ಲುವವನ ಹೊಣೆಯೂ ಹಗುರಾಗುವದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನಮ್ಮ ಸೀಮೆಗೆ ಬೇಟೆಯು ಹೊಸದಲ್ಲ. ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸರು ಪಳಗಿಸಿದ ಚೀತಾಗಳಿಂದ ಚಿಗರಿಗಳ ಬೇಟೆಯಾಡಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿನೋದದ ಬೇಟೆಯನ್ನು ಬಿಗಿಯಾಗಿ ನಿರ್ಬಂಧಿಸಿತು. ಆದರೂ ಜೀವಕ್ಕೆ ಅಪಾಯವನ್ನೋ ಪೈರಿಗೆ ಹಾನಿಯನ್ನೋ ತರುವ ಕೆಲವು ಪ್ರಾಣಿಗಳನ್ನು ಅಧಿಕಾರಿಯ ಲಿಖಿತ ಅಪ್ಪಣೆಯಿಂದ ಕೊಲ್ಲಲು ಅದರಲ್ಲಿ ಆಸ್ಪದವುಂಟು. ಕೃಷ್ಣೆ ದೂಧಗಂಗೆಯರ ದಂಡೆಯ ಕಬ್ಬಿಗೆ ಹಂದಿ ಹೊಕ್ಕರೆ ಒಕ್ಕಲಿಗನು ಪಡುವ ಸಂಕಟವನ್ನು ಬಲ್ಲವರು ಅವನಿಗೆ ಅಹಿಂಸೆಯನ್ನು ಸುಲಭವಾಗಿ ಬೋಧಿಸಲಾರರು. ಆದುದರಿಂದ ಕೊಲ್ಲಬಹುದೋ ಎಂಬುದರ ಜತೆಗೆ ಹೇಗೆ ಕೊಲ್ಲಬೇಕೆಂಬುದೂ ಉಳಿದೇ ಇರುವದು.

ಪದಾರ್ಥವಿಜ್ಞಾನವು ಇಲ್ಲಿ ನಿರ್ದಾಕ್ಷಿಣ್ಯವಾಗಿದೆ. ತೋಟೆ ಒಂದೇ ಇದ್ದು ಬಂದೂಕಿನ ತೂಕ ಅರ್ಧವಾದರೆ, ಅದು ಹಿಂದಕ್ಕೆ ಒದೆಯುವ ವೇಗ ಇಮ್ಮಡಿಯಾಗುವದು. ಒದೆತಕ್ಕೆ ಅಂಜಿದ ಭುಜವು ಕುದುರೆಯನ್ನೆಳೆಯುವ ಮೊದಲೇ ಅದುರುವದು. ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಿಂದ ಹೊರಟ ಗುಂಡಿಗೂ 400 ಮೀಟರ್ ಸಾಗಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುವದು. ಅಷ್ಟರಲ್ಲಿ ಅದು ನಳಿಗೆಯ ನೇರಕ್ಕಿಂತ ಸುಮಾರು 5 ಅಡಿ ಕೆಳಗಿಳಿಯುವದು. ಈ ಇಳಿತವನ್ನು ಲೆಕ್ಕದಿಂದ ತಿದ್ದಬಹುದು. ಆದರೆ ಆ ಅರ್ಧ ಕ್ಷಣದಲ್ಲಿ ಮೃಗವು ಇಡುವ ಒಂದು ಹೆಜ್ಜೆಯನ್ನು ಯಾವ ದುರ್ಬೀನೂ ಮುಂಚಿತವಾಗಿ ತೋರಿಸಲಾರದು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗಲುವದು; ಸಾವು ಕ್ಷಣದಿಂದ ದಿನಕ್ಕೆ ಬೆಳೆಯುವದು.

ದಶರಥನ ಕಥೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಶಬ್ದವೇಧಿ ವಿದ್ಯೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ, ಬಾಣವೂ ತಪ್ಪಲಿಲ್ಲ. ಕೊಡದ ಸದ್ದನ್ನು ಆನೆಯ ಸದ್ದೆಂದು ಬಗೆದುದೇ ತಪ್ಪಾಯಿತು. ಕೈಯ ಕೌಶಲ್ಯವು ಕಣ್ಣಿನ ಅರಿವನ್ನು ಮೀರಿದಾಗ ಕುಶಲನೇ ಹೆಚ್ಚು ಅಪಾಯಕಾರಿ. ಆದರೆ ಆ ಅರಸನು ನೀರಿನ ದಂಡೆಗೆ ನಡೆದುಹೋಗಿ ತಾನು ಮಾಡಿದ್ದನ್ನು ನೋಡಿದನೆಂಬುದನ್ನೂ ನಾವು ಮರೆಯಬಾರದು.

ಹತ್ತಿರದಿಂದ ಕೊಂದರೆ ಕೊಲೆ ಪುಣ್ಯವಾಗುವದೋ ಎಂದು ಯಾರಾದರೂ ಕೇಳಬಹುದು. ಆಗದು. ಆದರೆ ಹತ್ತಿರವಿರುವವನು ಗಾಯವನ್ನು ಕಾಣುವನು. ಬೆನ್ನಟ್ಟಿ ನೋವನ್ನು ಮುಗಿಸಬಲ್ಲನು. ದೂರದವನಿಗೆ ತಗಲಿತೋ ತಪ್ಪಿತೋ ಎಂಬುದೇ ಸಂಶಯ. ಅರ್ಧ ಮೈಲು ನಡೆಯಲು ಬೇಸತ್ತು ಅವನು ಅದನ್ನು ತಪ್ಪಿತೆಂದೇ ಎಣಿಸಿಕೊಂಡರೆ, ಅವನನ್ನು ಕೇಳುವವರಾರು?

ಹಾಗೆಂದು ಹಗುರತನವೇ ದೋಷವಲ್ಲ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದ ರಿಗ್ಬಿ ಬಂದೂಕು ಹಗುರವಾದುದೇ ಆಗಿತ್ತು. ಅವರು ಹೆಚ್ಚಿನ ನರಭಕ್ಷಕಗಳನ್ನು ಹೊಡೆದದ್ದು ಕಾಲ್ನಡಿಗೆಯಿಂದ ಬೆನ್ನಟ್ಟಿ, ಸಮೀಪದಿಂದ. ಅಲ್ಲಿ ಆಯುಧದ ಹಗುರತನವು ಕಾಲಿಗೆ ನೆರವಾಯಿತು. ಕಾಲಿನ ಕೆಲಸವನ್ನು ತಪ್ಪಿಸಲಿಲ್ಲ.

ಆಯುಧವನ್ನು ಆಯುವವನಿಗೆ ಒರೆಗಲ್ಲು ಇದೇ ಎಂದು ತೋರುವದು. ಹೆಗಲಿನ ಭಾರ ಇಳಿದುದರಿಂದ ಉಳಿದ ಶಕ್ತಿಯನ್ನು ಇನ್ನಷ್ಟು ಹತ್ತಿರ ಹೋಗಿ ನೋಡಲು ಬಳಸಿದರೆ ಅದು ವಿವೇಕ. ಹೋಗದೆಯೇ ಮುಗಿಸಲು ಬಳಸಿದರೆ ಅದು ಆಲಸ್ಯ. ಗುಂಡು ಹೋದಷ್ಟು ದೂರ ತಾನೂ ನಡೆದುಹೋಗಲು ಸಿದ್ಧನಿಲ್ಲದವನು ಕುದುರೆಗೆ ಬೆರಳಿಡಬಾರದು.