ಅಪ್ರಿಯವಾದ ಹಿತನುಡಿ

ಅನ್ಯರಿಗೆ ಅಪ್ರಿಯವಾದ ಮಾತನ್ನು ತಥಾಗತನಾದ ಬುದ್ಧನು ಆಡುವನೇ ಎಂಬ ಉಭಯತಃಪಾಶದಂತಹ ಪ್ರಶ್ನೆಯನ್ನು ಹೊತ್ತುಬಂದ ಅಭಯರಾಜಕುಮಾರನ ಪ್ರಸಂಗವೊಂದು ಬೌದ್ಧಗ್ರಂಥವಾದ ಮಜ್ಝಿಮನಿಕಾಯದಲ್ಲಿದೆ. ಅವನ ತೊಡೆಯ ಮೇಲಿದ್ದ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆಯೆಂದು ಬುದ್ಧನು ಕೇಳಲು, ರಕ್ತ ಬಂದರೂ ಸರಿಯೆ, ಕನಿಕರದಿಂದ ಅದನ್ನು ಹೊರತೆಗೆಯುವೆನೆಂದು ರಾಜಕುಮಾರನು ಉತ್ತರಿಸಿದನು. ಸತ್ಯವೂ ಹಿತವೂ ಆದ ನುಡಿಯು ಅಪ್ರಿಯವಾದರೂ ಕಾಲವರಿತು ಆಡತಕ್ಕದ್ದು, ಸವಿಯಾಗಿದ್ದರೂ ಅಸತ್ಯಕ್ಕೆ ಎಡೆಯಿಲ್ಲವೆಂಬುದು ಅಲ್ಲಿಯ ನಿರ್ಣಯ. ಸೌಜನ್ಯವೆಂದರೆ ಬರಿಯ ಮೃದುತ್ವವೆಂದು ಬಗೆದವರಿಗೆ ಇದು ರುಚಿಸಲಾರದು. ಆದರೆ ಈ ಅಳತೆಗೋಲು ಆಡುವವನ ಕೈಯಲ್ಲಿರತಕ್ಕದ್ದೇ ಹೊರತು ಆಳುವವನ ಕೈಯಲ್ಲಲ್ಲ, ಏಕೆಂದರೆ ಪ್ರಜೆಗಳ ಹಿತವನ್ನು ತಾನೊಬ್ಬನೇ ಬಲ್ಲೆನೆಂಬ ದೊರೆಗೆ ಪ್ರತಿಯೊಂದು ಟೀಕೆಯೂ ಅಕಾಲಿಕವಾಗಿಯೇ ತೋರುವುದು. ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯದ ನಿರ್ಬಂಧಕ್ಕೆ ಕಾರಣಗಳನ್ನು ಎಣಿಸಿಯೇ ಹೇಳುತ್ತದೆ. ಆ ನಿರ್ಬಂಧಗಳು ಯುಕ್ತವಾಗಿರಬೇಕೆಂಬ ಮಾತು 1951ರ ತಿದ್ದುಪಡಿಯಿಂದ ಬಂದುದು. ಕೇಳುವವನಿಗೆ ಅಪ್ರಿಯವಾಯಿತೆಂಬುದು ಆ ಕಾರಣಗಳ ಸಾಲಿನಲ್ಲಿಲ್ಲ.