ನಾಲ್ಕನೆಯ ಬಿಲ್ಲೆ ಬಂದಾಗ

ಜಪಾನಿನ ಮಾಹ್‌ಜಾಂಗ್ ಆಟದಲ್ಲಿ 34 ಬಗೆಯ ಬಿಲ್ಲೆಗಳು. ಬಗೆಗೆ ನಾಲ್ಕರಂತೆ ಒಟ್ಟು 136. ಒಂದೇ ಬಗೆಯ ನಾಲ್ಕೂ ತನ್ನ ಕೈಗೇ ಬಂದರೆ ಹೊಸದಾಗಿ ಆಟ ಕಲಿತವರಿಗೆ ನಾಲಿಗೆ ತಡೆಯುವುದಿಲ್ಲ, ‘ಕನ್’ ಎಂದು ಘೋಷಿಸಿಯೇ ಬಿಡುತ್ತಾರೆ. ಪಳಗಿದವರು ಮಾತ್ರ ಎಷ್ಟೋ ಸಲ ತುಟಿ ಬಿಚ್ಚುವುದಿಲ್ಲ. ನಿಯಮಗಳನ್ನು ನೋಡಿದರೆ ಅವರ ಮೌನ ಅರ್ಥವಾಗುತ್ತದೆ.

ಇಸ್ಪೀಟಿನ ರಮ್ಮಿ ಬಲ್ಲವರಿಗೆ ಈ ಆಟದ ಹಂದರ ಪರಿಚಿತವೇ. ಕೈಯಲ್ಲಿ 13, ಗೋಡೆಯಂತೆ ಜೋಡಿಸಿಟ್ಟ ಬಿಲ್ಲೆಗಳಿಂದ ಒಂದು ಎತ್ತುವುದು, ಒಂದು ಬಿಸಾಡುವುದು. ಗೆಲ್ಲಲು ನಾಲ್ಕು ಸೆಟ್ಟು, ಜೊತೆಗೊಂದು ಜೋಡಿ. ಸೆಟ್ಟೆಂದರೆ ಸಾಮಾನ್ಯವಾಗಿ ಮೂರು ಬಿಲ್ಲೆ. ಕನ್‌ನಲ್ಲಿ ನಾಲ್ಕಿದ್ದರೂ ಲೆಕ್ಕಕ್ಕೆ ಅದು ಒಂದೇ ಸೆಟ್ಟು. ಹಾಗಾಗಿ ಕೈಯಲ್ಲಿ ಒಂದು ಕಡಿಮೆ ಬೀಳುತ್ತದೆ. ಅದನ್ನು ತುಂಬಿಕೊಳ್ಳಲು ಬೇರೆಯಾಗಿ ಕಾದಿಟ್ಟ 14 ಬಿಲ್ಲೆಗಳ ಮೀಸಲು ಗೋಡೆಯಿಂದ ಒಂದನ್ನು ಎತ್ತಿಕೊಳ್ಳಬೇಕು. ಆ ಒಂದರಿಂದಲೇ ಕೈ ಪೂರ್ತಿಯಾಗಿ ಗೆದ್ದರೆ ‘ರಿನ್‌ಶನ್ ಕೈಹೋ’. 2006ರಲ್ಲಿ ಶುರುವಾದ ‘ಸಾಕಿ’ ಎಂಬ ಜಪಾನಿ ಚಿತ್ರಕಥೆಯ ನಾಯಕಿ ಹೀಗೆ ಗೆಲ್ಲುವುದರಲ್ಲೇ ಹೆಸರು ಮಾಡಿದವಳು. ನಿಜವಾದ ಮೇಜಿನ ಮೇಲೆ ಅದನ್ನು ನಂಬಿ ಕೂತರೆ ಕೆಟ್ಟಂತೆಯೇ.

ಕನ್ ಮೂರು ಬಗೆ. ನಾಲ್ಕನ್ನೂ ತಾನೇ ಗೋಡೆಯಿಂದ ಎತ್ತಿದ್ದರೆ ‘ಅಂಕನ್’. ಎರಡನ್ನು ಬೋರಲು ಹಾಕಿ, ಎರಡರ ಮುಖ ತೋರಿಸಿ ಬದಿಗಿಡುತ್ತಾರೆ. ಕೈ ಮುಚ್ಚಿದ್ದೆಂದೇ ಲೆಕ್ಕ. ಕೈಯಲ್ಲಿ ಮೂರಿದ್ದು, ಇನ್ನೊಬ್ಬರು ಬಿಸಾಡಿದ ನಾಲ್ಕನೆಯದನ್ನು ಕೇಳಿ ಪಡೆದರೆ ‘ದೈಮಿನ್‌ಕನ್’. ಕೈ ತೆರೆದುಹೋಯಿತು, ಇನ್ನು ‘ರೀಚಿ’, ಅಂದರೆ ಗೆಲ್ಲಲು ಒಂದೇ ಬಿಲ್ಲೆ ಸಾಕೆಂಬ ಘೋಷಣೆ, ಹೇಳುವ ಹಾಗಿಲ್ಲ. ಇನ್ನೊಬ್ಬರು ಬಿಸಾಡಿದ್ದನ್ನು ಮೊದಲೇ ‘ಪೊನ್’ ಹೇಳಿ ಪಡೆದು ತೆರೆದಿಟ್ಟ ಒಂದೇ ಬಗೆಯ ಮೂರರ ಮೇಲೆ ತಾನು ಎತ್ತಿದ ನಾಲ್ಕನೆಯದನ್ನು ಸೇರಿಸಿದರೆ ‘ಶೋಮಿನ್‌ಕನ್’. ಹೀಗೆ ಸೇರಿಸುವಾಗ ಎದೆ ಗಟ್ಟಿಯಿರಬೇಕು. ಅದೇ ಬಿಲ್ಲೆಗಾಗಿ ಕಾದು ಕೂತವರು ಯಾರಾದರೂ ಇದ್ದರೆ ಅಲ್ಲೇ ಅದನ್ನು ಕಸಿದುಕೊಂಡು ಗೆಲ್ಲಬಹುದು, ಕಸಿದದ್ದಕ್ಕೆ ಒಂದು ‘ಹನ್’ (ಗೆದ್ದ ಕೈಯ ಬೆಲೆ ಏರಿಸುವ ಎಣಿಕೆ) ಹೆಚ್ಚಿಗೆ ಬೇರೆ!

ಅಂಕದ ಆಸೆಯೇನೂ ಸಣ್ಣದಲ್ಲ. ಎರಡರಿಂದ ಎಂಟರವರೆಗಿನ ಅಂಕಿಯ ಬಿಲ್ಲೆಗಳ ಪೊನ್‌ಗೆ ಸಿಗುವುದು 2 ‘ಫು’, ಅಂದರೆ ಕೈಯ ಮೂಲ ಅಂಕ. ಒಂದು, ಒಂಬತ್ತು, ಗಾಳಿ ಅಥವಾ ಡ್ರ್ಯಾಗನ್ ಬಿಲ್ಲೆಗಳ ಅಂಕನ್‌ಗೆ 32. ಇದಕ್ಕಿಂತ ದೊಡ್ಡ ಆಮಿಷ ದೋರಾದ್ದು. ಪ್ರತಿ ಕನ್‌ಗೂ ಮೀಸಲು ಗೋಡೆಯಲ್ಲಿ ಹೊಸದೊಂದು ಸೂಚಕ ಬಿಲ್ಲೆ ತೆರೆಯುತ್ತದೆ, ಕ್ರಮದಲ್ಲಿ ಅದರ ಮುಂದಿನ ಬಿಲ್ಲೆ ದೋರಾ. ಕೈಯಲ್ಲಿರುವ ಒಂದೊಂದು ದೋರಾಕ್ಕೂ ಒಂದೊಂದು ಹನ್. ನಿಮ್ಮ ಕನ್ನೇ ದೋರಾ ಆಗಿಬಿಟ್ಟರೆ ಒಮ್ಮೆಗೇ ನಾಲ್ಕು ಹನ್. ಬೇರೊಂದು ಹನ್ ಕೈಯಲ್ಲಿದ್ದು ಗೆದ್ದರೆ ‘ಮಂಗನ್’ ಎಂಬ ದೊಡ್ಡ ಗೆಲುವು, ಸಾಮಾನ್ಯ ಆಟಗಾರನಿಗೆ 8000 ಅಂಕ, ಡೀಲರನಿಗೆ 12000.

ಆದರೆ ಆ ದೋರಾ ಕನ್ ಹೇಳಿದವರೊಬ್ಬರ ಸ್ವತ್ತಲ್ಲ. ಮೇಜಿನ ಸುತ್ತ ಕೂತ ನಾಲ್ವರಿಗೂ ಅದು ಸಮಾನ. ಅವರಲ್ಲಿ ಯಾರಾದರೂ ಆಗಲೇ ರೀಚಿ ಹೇಳಿ ಗೆಲುವಿಗೆ ಒಂದೇ ಬಿಲ್ಲೆ ದೂರದಲ್ಲಿದ್ದರೆ? ರೀಚಿ ಹೇಳಿ ಗೆದ್ದವರಿಗೆ ಸೂಚಕದ ಅಡಿಯಲ್ಲಿ ಅಡಗಿದ ಬಿಲ್ಲೆಯೂ ಇನ್ನೊಂದು ದೋರಾ ತೋರಿಸುತ್ತದೆ. ಕಷ್ಟಪಟ್ಟು ನಾಲ್ಕು ಕೂಡಿಸಿದ್ದು ನೀವು, ಅದರ ಫಲ ಉಣ್ಣುವುದು ಎದುರಿನವರು. ಈ ಆಟದ ನಿಯಮ ಕಟ್ಟಿದವರ ಜಾಣತನಕ್ಕೆ ನಾನು ತಲೆದೂಗುವುದು ಇಲ್ಲೇ.

ಲೆಕ್ಕವೂ ಚೊಕ್ಕ. ಆ 14ರಲ್ಲಿ ನಾಲ್ಕು ಕನ್‌ಗಳಿಗೆ ನಾಲ್ಕು ಬದಲಿ ಬಿಲ್ಲೆ, ಮೊದಲೇ ತೆರೆದಿರುವ ಒಂದೂ ಸೇರಿ ಐದು ಸೂಚಕ, ಅವುಗಳ ಅಡಿಯಲ್ಲಿ ಐದು. ಬದಲಿ ಎತ್ತಿದಾಗಲೆಲ್ಲ ಆಟದ ಗೋಡೆಯ ಕೊನೆಯ ಬಿಲ್ಲೆ ಮೀಸಲಿಗೆ ಸೇರುತ್ತದೆ, ಅಂದರೆ ಎಲ್ಲರ ಆಟವೂ ಒಂದು ಬಿಲ್ಲೆ ಮೊಟಕು. ಗೋಡೆ ಖಾಲಿಯಾದ ಮೇಲೆ ಕನ್ ಇಲ್ಲ. ಒಂದು ಸುತ್ತಿನಲ್ಲಿ ಐದನೆಯ ಕನ್ ಕೂಡ ಇಲ್ಲ.

ರೀಚಿ ಹೇಳಿದವರ ಕೈ ಕಟ್ಟುವ ನಿಯಮ ಎಲ್ಲಕ್ಕಿಂತ ಬಿಗಿ. ರೀಚಿಯಾದ ಮೇಲೆ ಅಂಕನ್ ಮಾತ್ರ ಸಾಧ್ಯ, ಅದೂ ಆಗಷ್ಟೇ ಎತ್ತಿದ ಬಿಲ್ಲೆಯಿಂದ, ಕಾಯುತ್ತಿರುವ ಬಿಲ್ಲೆಗಳು ಬದಲಾಗದಿದ್ದರೆ. ಮೂರು ಸೆಟ್ಟು ಸಿದ್ಧವಾಗಿ 3-3-3-4 ಉಳಿದಿದೆ ಎನ್ನಿ. 2, 4, 5, ಯಾವುದು ಬಂದರೂ ಗೆಲುವು. ಈಗ ನಾಲ್ಕನೆಯ 3 ಬಂತು. ಕನ್ ಹೇಳಿದರೆ ಉಳಿಯುವುದು ಒಂಟಿ 4, ಕಾಯುವುದೂ 4ಕ್ಕೆ ಮಾತ್ರ. ಆದ್ದರಿಂದ ಕನ್ ನಿಷಿದ್ಧ, 3 ಬಿಸಾಡಲೇಬೇಕು. ರೀಚಿ ಎಂದರೆ ನನ್ನ ಕೈ ಇಷ್ಟೇ ಎಂದು ಮೇಜಿಗೆ ಕೊಟ್ಟ ಮಾತು. ಲಾಭ ಕಂಡಾಗ ಅದನ್ನು ತಿದ್ದಲು ಬಿಡುವುದಿಲ್ಲ.

ಹಾಗಾದರೆ ಕನ್ ಯಾವಾಗ ಹೇಳಬೇಕು? ನೀವು ಗೆಲುವಿಗೆ ಹತ್ತಿರವಿದ್ದು ಉಳಿದವರು ದೂರವಿದ್ದರೆ ಧಾರಾಳವಾಗಿ ಹೇಳಿ. ಎದುರಿನವರು ರೀಚಿ ಹೇಳಿದ್ದು ನಿಮ್ಮ ಕೈ ಅರೆಬರೆಯಿದ್ದರೆ ಸುಮ್ಮನಿರಿ. ಮೂರನ್ನು ಸೆಟ್ಟು ಮಾಡಿ, ನಾಲ್ಕನೆಯದನ್ನು ಅಂಕಿಯ ಬಿಲ್ಲೆಯಾದರೆ ಅಕ್ಕಪಕ್ಕದವುಗಳ ಜೊತೆ ಸರಣಿಗೆ ಹೊಂದಿಸಬಹುದು. ಕೈಯಲ್ಲಿ ನಾಲ್ಕೂ ಉಳಿದಿದ್ದರೆ ಮುಂದಿನ ಸರದಿಯಲ್ಲೂ ಘೋಷಿಸಬಹುದು. ನಾಲ್ಕಿದ್ದವರು ಕನ್ ಹೇಳಲೇಬೇಕು ಎಂಬ ನಿಯಮ ಈ ಆಟದಲ್ಲಿಲ್ಲ.