ಮೆಟಡೋರಿನ ಆರೈಕೆ

ನಮ್ಮ ಮನೆಯಲ್ಲಿ ಒಂದು ಹಳೆಯ ಮೆಟಡೋರ್ ಇದೆ. 1991ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೊದಲೆಲ್ಲ ಕಾಫಿ ಚೀಲ ಹೊರುತ್ತಿತ್ತು. ಆಮೇಲೆ ನಮ್ಮವರಿಗೆ ಅದೇನು ಹುಚ್ಚು ಹಿಡಿಯಿತೋ, ಹಿಂಭಾಗದಲ್ಲಿ ಮಡಚುವ ಹಲಗೆಯ ಮಂಚ, ಸೀಮೆಎಣ್ಣೆ ಸ್ಟೌ ಇಡಲು ಒಂದು ಪೆಟ್ಟಿಗೆ, ನೀರಿನ ಕ್ಯಾನಿಗೊಂದು ಗೂಡು ಎಲ್ಲ ಮಾಡಿಸಿದರು. ಅತ್ತೆಯ ನೀಲಿ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದವಳು ನಾನು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದಾಗ ಭಾಗಮಂಡಲದಲ್ಲಿ ಅದರೊಳಗೇ ಮಲಗಿ, ಬೆಳಗಿನ ಚಳಿಯಲ್ಲಿ ಅಲ್ಲೇ ಕಾಫಿ ಮಾಡಿ ಕುಡಿದಿದ್ದೇವೆ.

ಆಗೆಲ್ಲ ನನಗೆ ಆ ಗಾಡಿಯ ಮೇಲೆ ಹೊಟ್ಟೆಕಿಚ್ಚು. ಭಾನುವಾರ ಬಂತೆಂದರೆ ಇವರು ಅದರ ಅಡಿಯಲ್ಲಿ. ಊಟಕ್ಕೆ ಕರೆದರೆ ಎರಡು ಕಾಲು ಮಾತ್ರ ಉತ್ತರ ಕೊಡುತ್ತಿದ್ದವು! ಕಣ್ಣಿನ ಆಪರೇಷನ್ ಆದ ಮೇಲೆ ಇವರಿಗೆ ಬಗ್ಗುವುದು ಬೇಡವೆಂದರು ಡಾಕ್ಟರು. "ಇವಳೇ, ಆ ಹತ್ತು-ಹನ್ನೊಂದರ ಸ್ಪ್ಯಾನರ್ ಸ್ವಲ್ಪ ತಿರುಗಿಸು" ಎಂದದ್ದೇ ನೆಪ, ನಾನೂ ಕೆಟ್ಟೆ.

ಡೀಸೆಲ್ ಪೂರ್ತಿ ಖಾಲಿಯಾದರೆ ಪೈಪಿಗೆ ಏರ್ ಹಿಡಿಯುತ್ತದೆ. ಮತ್ತೆ ಡೀಸೆಲ್ ಹಾಕಿದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ತುಸು ಸಡಿಲಿಸಿ, ಕೈಪಂಪು ಒತ್ತುತ್ತಾ ಕೂರಬೇಕು. ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯೇ ಇಲ್ಲದ ತಿಳಿಯಾದ ಧಾರೆ. ಆ ಕ್ಷಣಕ್ಕೆ ಸ್ಕ್ರೂ ಬಿಗಿ ಮಾಡಬೇಕು. ಹೀಟರ್ ಕಾಯುವವರೆಗೆ ತಾಳಿ ಕೀ ತಿರುಗಿಸಿದರೆ ಇಡೀ ಗಾಡಿ ಒಮ್ಮೆ ಮೈಕೊಡವಿ ಎದ್ದು ನಿಲ್ಲುತ್ತದೆ. ಮೂವತ್ತು ವರ್ಷ ದೋಸೆ ಹುಯ್ದ ಕೈಗೆ ಇಂಥ ಸಂತೋಷ ಇನ್ನೂ ಬಾಕಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಗೆ ನುಗ್ಗಿತು. ಹೊಳೆದಂಡೆಯ ಎಷ್ಟೋ ಮನೆಗಳು ಬಿದ್ದವು. ನಮ್ಮ ಮನೆ ಏರಿನಲ್ಲಿದ್ದುದರಿಂದ ಉಳಿಯಿತು. ಕೆಳಗಿನ ಶೆಡ್ಡಿನಲ್ಲಿದ್ದ ಮೆಟಡೋರ್ ಅರ್ಧ ಮುಳುಗಿತು. ಮನೆ ಕಳೆದುಕೊಂಡವರ ಎದುರು ಅದನ್ನು ನಷ್ಟವೆನ್ನಲು ನಾಲಿಗೆ ಬರಲಿಲ್ಲ. ನೀರಿಳಿದ ಮೇಲೆ ಗೇರ್ ಬಾಕ್ಸಿನ ಎಣ್ಣೆ ಇಳಿಸಿದರೆ, ಹಾಲು ಹೆಚ್ಚಾದ ಕಾಫಿಯ ಬಣ್ಣ! ಎರಡು ತಿಂಗಳು ಒಂದೊಂದನ್ನೇ ಬಿಚ್ಚಿ, ಒರೆಸಿ, ಗ್ರೀಸ್ ತುಂಬಿದೆವು. ಬೇರಿಂಗು, ಬ್ರೇಕು, ವೈರಿಂಗು ಎಲ್ಲ ಹೊಸದಾದವು. ತಗಡು ಅದಕ್ಕೂ ಮೊದಲೇ ಎರಡು ಸಲ ಬದಲಾಗಿತ್ತು.

ಹಾಗಾದರೆ ಇದು ಅದೇ ಮೆಟಡೋರೇ? ಬೌದ್ಧರ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ರಥದಲ್ಲಿ ಬಂದ ಮಿಲಿಂದ ರಾಜನನ್ನು ಕೇಳುತ್ತಾನೆ: ಚಕ್ರ ರಥವೇ? ಅಚ್ಚು ರಥವೇ? ಯಾವುದೂ ಅಲ್ಲವಾದರೆ ರಥವೆಲ್ಲಿ? ಎಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ಅಷ್ಟೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಹೆಸರೂ ನಿಲ್ಲುವುದಿಲ್ಲವೆನ್ನಿ. ಮೆಟಡೋರ್ ಮಾಡುತ್ತಿದ್ದ ಬಜಾಜ್ ಟೆಂಪೋ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು.

ಇದನ್ನೆಲ್ಲ ತಮಾಷೆಯಾಗಿ ಯೋಚಿಸಬಹುದಿತ್ತು, ಮನೆಯಲ್ಲಿ ಅತ್ತೆ ಇರದಿದ್ದರೆ. ಆ ಮಳೆಗಾಲದ ಹೊತ್ತಿಗೆ ಅವರಿಗೆ ಮರೆವು ಬಲಿತಿತ್ತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ನನ್ನನ್ನು. "ಯಾರಮ್ಮ ನೀನು?" ಎಂದು ದಿನಕ್ಕೆ ಹತ್ತು ಸಲ. ಮುಖ ಅದೇ, ದನಿ ಅದೇ, ಸೆರಗು ಸಿಕ್ಕಿಸುವ ರೀತಿಯೂ ಅದೇ. ಮೆಟಡೋರಿನಲ್ಲಿ ಎಲ್ಲ ಬದಲಾಗಿ ಗಾಡಿ ಉಳಿದಿತ್ತು. ಇಲ್ಲಿ ಎಲ್ಲ ಉಳಿದು ಅತ್ತೆ ಎಲ್ಲಿಗೋ ಹೋಗುತ್ತಿದ್ದರು. ಸಿದ್ದಾಪುರದ ಅಂಗಡಿಯಲ್ಲಿ ಕೇಳಿ ತರುವ ಪಾರ್ಟು ಅದಲ್ಲ.

ಒಂದು ಮಾತು ಬಚ್ಚಿಡದೆ ಹೇಳಿಬಿಡುತ್ತೇನೆ. ತುಕ್ಕು ಹಿಡಿದ ಒಂದು ನಟ್ಟಿಗೆ ಎಣ್ಣೆ ಬಿಟ್ಟು ಇಡೀ ರಾತ್ರಿ ಕಾಯುವ ನಾನು, ಅತ್ತೆಯ ಮೂರನೇ ಪ್ರಶ್ನೆಗೆ ಕಾಯುತ್ತಿರಲಿಲ್ಲ. "ಈಗ ತಾನೇ ಹೇಳಿದೆನಲ್ಲ!" ಎಂದು ರೇಗಿಬಿಡುತ್ತಿದ್ದೆ. ಗಾಡಿ ನಮ್ಮ ಆರೈಕೆಗೆ ಉತ್ತರ ಕೊಡುತ್ತದೆ, ಹೊತ್ತಿಕೊಂಡು ಶಬ್ದ ಮಾಡುತ್ತದೆ. ಅತ್ತೆಗೆ ಎಷ್ಟು ಮಾಡಿದರೂ ನಾಳೆಗೆ ಇನ್ನಷ್ಟು ಕಡಿಮೆಯೇ. ಗೆಲ್ಲುವ ಕಡೆ ತಾಳ್ಮೆ ತೋರಿದ್ದನ್ನು ನಾನು ಗುಣವೆಂದು ಎಣಿಸಿಕೊಂಡಿದ್ದೆನೆ?

ಗಾಡಿ ಮತ್ತೆ ಹೊತ್ತಿಕೊಂಡ ದಿನ ಅತ್ತೆಯನ್ನು ಕೈಹಿಡಿದು ಕರೆತಂದು ಹಿಂದಿನ ಮಂಚದಲ್ಲಿ ಕೂರಿಸಿದೆ. ಒಗೆದು ಮತ್ತೆ ಹಾಕಿದ್ದ ಪರದೆಯ ಅಂಚನ್ನು ಬೆರಳಲ್ಲಿ ಸವರಿ, "ತಲಕಾವೇರಿಗೆ ಹೊರಟಿರಾ?" ಎಂದರು. "ಹೌದತ್ತೆ, ಇನ್ನೇನು ಹೊರಟೆವು" ಎಂದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ಎಂಜಿನ್ ಬಂದ್ ಮಾಡಿದರೂ ಬಹಳ ಹೊತ್ತು ಅಲ್ಲೇ ಕೂತಿದ್ದೆವು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಾನು ಮತ್ತೆ ರೇಗಿದೆ.